ಆಂಟೆನಾ ಇಲ್ಲದೆ ಬಂದ ಚಿತ್ರ

ಟಿ.ವಿ. ರಿಪೇರಿ ಮಾಡುವವನಿಗೆ ದೆವ್ವದ ಕಥೆಗಳಿಗೆ ಬರವಿರುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಅಂಗಡಿ ಇದ್ದಾಗ, ಸೆಟ್ಟು ತಾನಾಗಿಯೇ ಹೊತ್ತಿಕೊಳ್ಳುತ್ತದೆ, ತೀರಿಹೋದ ಅತ್ತೆಯ ದನಿ ಸ್ಪೀಕರಿನಲ್ಲಿ ಕೇಳುತ್ತದೆ ಎಂದು ಹೊತ್ತು ತಂದವರು ಎಷ್ಟೋ ಮಂದಿ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಜಿರಲೆಗಳು ಸಂಸಾರ ಹೂಡಿರುತ್ತಿದ್ದವು, ಇಲ್ಲವೇ ಎಲ್ಲೋ ಒಂದು ಬೆಸುಗೆ ಬಿಟ್ಟಿರುತ್ತಿತ್ತು. ನಾನು ಜಿರಲೆಯನ್ನು ಕಾಗದದ ಮೇಲಿಟ್ಟು "ತಗೊಳ್ಳಿ, ನಿಮ್ಮ ಅತ್ತೆ" ಎಂದು ಕೈಗೆ ಕೊಡುತ್ತಿದ್ದೆ. ಈ ಬಾಯಿಯಿಂದಾಗಿ ಗಿರಾಕಿಗಳನ್ನು ಕಳೆದುಕೊಂಡದ್ದೂ ಉಂಟು. ಸಿಗ್ನಲ್ ಇದ್ದರೆ ಚಿತ್ರ, ಇಲ್ಲದಿದ್ದರೆ ಬರೀ ಚುಕ್ಕೆ. ಇದರಾಚೆಗೆ ಜಗತ್ತಿನಲ್ಲಿ ಏನೂ ಇಲ್ಲ ಎಂಬುದು ನನ್ನ ವಾದವಾಗಿತ್ತು.

ಈಗಲೂ ಬಹುಮಟ್ಟಿಗೆ ಅದೇ ವಾದ. ಒಂದು ಸಂಜೆಯ ವಿಷಯದಲ್ಲಿ ಮಾತ್ರ ಅದು ನನಗೆ ಕೈಕೊಟ್ಟಿದೆ. ಆ ಸಂಜೆ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ನೀವು ನಗುವುದಾದರೆ ನಗಬಹುದು, ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ನನ್ನ ಅಕ್ಕ ಶೈಲಾಳನ್ನು ಭದ್ರಾವತಿಯ ನ್ಯೂ ಟೌನಿಗೆ ಕೊಟ್ಟಿದ್ದೆವು. ಭಾವ ರುದ್ರೇಶಪ್ಪ ಮೂಲತಃ ಹೊಳೆಹೊನ್ನೂರಿನವರು. ಅವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭಾವನಿಗೆ ಆ ಕೆಲಸ ಸಿಗಲಿಲ್ಲ, ಸಿಕ್ಕಿದ್ದರೂ ಯಾರ ಕೈಕೆಳಗೂ ದುಡಿಯುವ ಜಾಯಮಾನ ಅವರದಲ್ಲ. ಕೇಬಲ್ ಬಂದ ಹೊಸದರಲ್ಲಿ ಮನೆಯ ಮಹಡಿಯ ಮೇಲೆ ಡಿಶ್ ನಿಲ್ಲಿಸಿ ಅಕ್ಕಪಕ್ಕದ ಮನೆಗಳಿಗೆ ವೈರ್ ಎಳೆದರು. ಕೆಲವೇ ವರ್ಷಗಳಲ್ಲಿ ಬೀದಿ ಬೀದಿಗೂ ಅವರ ಲೈನೇ ಆಯಿತು. ಅವರದು ದೊಡ್ಡ ಮೈಕಟ್ಟು, ದೊಡ್ಡ ನಗು, ಹಣೆ ತುಂಬ ವಿಭೂತಿ. ನನ್ನನ್ನು ಕಂಡರೆ ಬೆನ್ನಿಗೆ ಒಂದು ಗುದ್ದಿ "ಬಾರೋ ಇಂಜಿನಿಯರ್" ಎನ್ನುತ್ತಿದ್ದರು, ನಾನು ಓದಿದ್ದು ಬರೀ ಡಿಪ್ಲೊಮಾ. ಆದರೆ ಸಿಟ್ಟು ಬಂದರೆ ಅವರು ಬೇರೆಯೇ ಮನುಷ್ಯ. ಅಡ್ಡ ನಿಲ್ಲಿಸಿದ್ದ ಯಾರದೋ ಸ್ಕೂಟರನ್ನು ಎತ್ತಿ ಚರಂಡಿಗೆ ಎಸೆದದ್ದನ್ನು ನಾನೇ ನೋಡಿದ್ದೇನೆ. ಅಕ್ಕ ಅವರಿಗೆ ಹೆದರುತ್ತಿರಲಿಲ್ಲ, ಅವರಿಗೇನಾದೀತೋ ಎಂದು ಹೆದರುತ್ತಿದ್ದಳು.

ಹೊಳೆಯ ಆಚೆ, ಹಳೇ ಊರಿನ ಕಡೆ, ಮಂಜುನಾಥ ಎಂಬವನು ಕೇಬಲ್ ನಡೆಸುತ್ತಿದ್ದ. ಎಲ್ಲರ ಬಾಯಲ್ಲೂ ಅವನು ಮಂಜ. ಯಾರ ಲೈನು ಎಲ್ಲಿಗೆ ನಿಲ್ಲಬೇಕು ಎಂಬುದರಲ್ಲಿ ಅವನಿಗೂ ಭಾವನಿಗೂ ಜಗಳ ಹತ್ತಿತು. ಮೊದಮೊದಲು ಕ್ರಿಕೆಟ್ ಮ್ಯಾಚಿನ ದಿನ ನೋಡಿಕೊಂಡು ಒಬ್ಬರ ವೈರ್ ಇನ್ನೊಬ್ಬರು ಕತ್ತರಿಸುತ್ತಿದ್ದರು. ಆಮೇಲೆ ಕಂಬದ ಮೇಲಿನ ಆಂಪ್ಲಿಫೈಯರ್ ಡಬ್ಬಗಳು ಹೊಳೆ ಸೇರತೊಡಗಿದವು. ಆಮೇಲೆ ಮನುಷ್ಯರ ಮೇಲೆ ಬಂತು. ಭಾವನ ಲೈನ್ ಕೆಲಸಕ್ಕಿದ್ದ ಸೆಲ್ವ, ಕಾರ್ಖಾನೆಯ ತಮಿಳು ಕಾರ್ಮಿಕರೊಬ್ಬರ ಮಗ, ಕಂಬ ಹತ್ತಿ ಕೆಲಸ ಮಾಡುವಾಗ ಮಂಜನ ಕಡೆಯವರು ಕೆಳಗಿನಿಂದ ಏಣಿ ಒದ್ದರು. ಅವನು ವೈರು ಹಿಡಿದು ಜೋತಾಡುತ್ತಿದ್ದಾಗ ಕೈಗೇ ಲಾಂಗು ಬೀಸಿದರು. ಎರಡು ಬೆರಳು ಕೆಳಗೆ ಬಿದ್ದವು. ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರೂ ಜೋಡಿಸಲು ಆಗಲಿಲ್ಲ.

ಭಾವ ಸುಮ್ಮನಿರುವ ಆಸಾಮಿಯೇ? ಮಂಜನ ಹುಡುಗರಲ್ಲಿ ಒಬ್ಬನನ್ನು ಬಸ್‌ಸ್ಟ್ಯಾಂಡ್ ಹತ್ತಿರ ಹಿಡಿದು, ಕೈಗೆ ಸಿಕ್ಕಿದ ಆಂಪ್ಲಿಫೈಯರ್ ಡಬ್ಬದಿಂದ ಮುಖಕ್ಕೆ ಜಜ್ಜಿದರು. ಅವನ ದವಡೆ ಮುರಿಯಿತು. ಆ ಡಬ್ಬ ಮರುದಿನ ನನ್ನ ಅಂಗಡಿಗೇ ರಿಪೇರಿಗೆ ಬಂತು. ಮೂಲೆಯಲ್ಲಿ ರಕ್ತ ಒಣಗಿತ್ತು, ಎರಡು ಕೂದಲು ಅಂಟಿದ್ದವು. ನಾನು ಸ್ಪಿರಿಟ್ ಹಾಕಿ ಒರೆಸಿ, ಒಳಗೆ ಒಂದು ಟ್ರಾನ್ಸಿಸ್ಟರ್ ಬದಲಿಸಿ ವಾಪಸ್ಸು ಕಳಿಸಿದೆ. ದವಡೆ ಮುರಿದದ್ದಕ್ಕೆ ಉತ್ತರವಾಗಿ ಮಂಜನ ಕಡೆಯವರು ಅಕ್ಕನ ಮನೆಯ ಕಿಟಕಿಗೆ ಪೆಟ್ರೋಲಿನ ಬಟ್ಟೆ ಹೊತ್ತಿಸಿ ಎಸೆದರು. ಅಕ್ಕನ ಮಗಳು ಮಲಗುವ ಹಾಸಿಗೆ ಸುಟ್ಟುಹೋಯಿತು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಮಗು ಅಡುಗೆಮನೆಯಲ್ಲಿತ್ತು.

ಸುದ್ದಿ ತಿಳಿದು ಹೋದಾಗ ಅಕ್ಕ ಕರಟಿದ ಹತ್ತಿಯನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅಳುತ್ತಿರಲಿಲ್ಲ. "ಇವ್ರನ್ನ ಒಂದಿನ ಕಡಿದು ಹಾಕ್ತಾರೆ ಕಣೋ" ಎಂದಳು. "ನಿನ್ನ ಮಾತಾದ್ರೆ ಸ್ವಲ್ಪ ಕೇಳ್ತಾರೆ. ಹೆಂಗಾದ್ರೂ ಮಾಡಿ ಇವ್ರನ್ನ ಉಳಿಸ್ಕೊಡು." ನಾನು ಹೂಂ ಎಂದೆ. ಆಮೇಲೆ ನಾನು ಮಾಡಿದ್ದೆಲ್ಲ ಆ ಒಂದು ಹೂಂ ಎಂಬ ಮಾತಿಗಾಗಿ.

ಈಗ ಡ್ರೋನ್ ಎಂದರೆ ಮದುವೆ ಚಪ್ಪರದ ಮೇಲೂ ಗುಂಯ್‌ಗುಡುತ್ತದೆ. ಆಗ ಆ ಹೆಸರನ್ನು ನಾವು ಕೇಳಿಯೂ ಇರಲಿಲ್ಲ. ಎರಡು ಸಾವಿರದ ಐದೋ ಆರೋ ಇರಬೇಕು. ನನಗೆ ಮಾತ್ರ ಒಂದು ಹುಚ್ಚಿತ್ತು: ಥರ್ಮೋಕೋಲಿನ ರೆಕ್ಕೆ ಕೊರೆದು, ಕೋಳಿಮೊಟ್ಟೆ ಗಾತ್ರದ ಇಂಜಿನ್ ಕೂರಿಸಿ, ರೇಡಿಯೋ ರಿಮೋಟಿನಿಂದ ಆಟದ ವಿಮಾನ ಹಾರಿಸುವುದು. ಹರಳೆಣ್ಣೆ ಬೆರೆಸಿದ ಸ್ಪಿರಿಟ್ ಕುಡಿದು ಆ ಇಂಜಿನ್ ಮಾಡುವ ಕರ್ಕಶ ಸದ್ದಿಗೆ ಬೀದಿನಾಯಿಗಳು ಓಡಿಹೋಗುತ್ತಿದ್ದವು. ಭಾವ ಅದನ್ನು ಒಮ್ಮೆ ನೋಡಿದವರೇ "ಇದಕ್ಕೆ ಕ್ಯಾಮೆರಾ ಕಟ್ಟೋಕಾಗಲ್ವೇನೋ? ಯಾವನು ವೈರ್ ಕತ್ತರಿಸ್ತಾನೆ ಅಂತ ಮೇಲಿಂದಾನೇ ಹಿಡೀಬಹುದಲ್ಲ ಮಾರಾಯ" ಎಂದರು. ನನಗೂ ಅದು ಸರಿ ಎನ್ನಿಸಿತು. ಕ್ಯಾಸೆಟ್ಟಿನಲ್ಲಿ ಸಾಕ್ಷಿ ಸಿಕ್ಕರೆ ಪೊಲೀಸರಿಗೆ ಕೊಡಬಹುದು, ಪೊಲೀಸರು ನೋಡಿಕೊಂಡರೆ ಭಾವ ಕೈ ಎತ್ತಬೇಕಾಗಿಲ್ಲ. ಅಕ್ಕನಿಗೂ ಹಾಗೆಯೇ ಹೇಳಿದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕಳ್ಳಕ್ಯಾಮೆರಾದ ಒಂದು ಸೆಟ್ ತಂದೆ. ಅಂಗಿಯ ಗುಂಡಿಯಷ್ಟು ಕ್ಯಾಮೆರಾ, ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಮಿಟರ್, ಅದಕ್ಕೆ ತಿರುಪಿ ಕೂರಿಸುವ ಬೆರಳುದ್ದದ ಆಂಟೆನಾ. ಕೆಳಗೆ ಇಟ್ಟುಕೊಳ್ಳಲು ರಿಸೀವರ್ ಬೇರೆ. ಅಂಗಡಿಯವನು ಹಣ ತೆಗೆದುಕೊಳ್ಳುವ ಮೊದಲೇ ಒಂದು ಮಾತು ಹೇಳಿದ: ಆಂಟೆನಾ ಹಾಕದೆ ಟ್ರಾನ್ಸ್‌ಮಿಟರಿಗೆ ಕರೆಂಟ್ ಕೊಡಬೇಡಿ. ಅದು ನನಗೂ ಗೊತ್ತಿದ್ದದ್ದೇ. ಆಂಟೆನಾ ಇಲ್ಲದಿದ್ದರೆ ಹೊರಗೆ ಹೋಗಬೇಕಾದ ಶಕ್ತಿಗೆ ದಾರಿ ಇರುವುದಿಲ್ಲ. ಸೀಟಿ ಕಟ್ಟಿಕೊಂಡ ಕುಕ್ಕರಿನ ಹಾಗೆ ಒಳಗೇ ಕುದ್ದು ಐದಾರು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಸುಡುವ ತನಕವೂ ಅದರ ಚಿತ್ರ ಒಂದು ಕೋಣೆ ದಾಟುವುದಿಲ್ಲ.

ಜೋಡಿಸುವುದಕ್ಕೆ ವಾರಗಟ್ಟಲೆ ಹಿಡಿಯಿತು. ಮೊದಲು ಟ್ರಾನ್ಸ್‌ಮಿಟರನ್ನು ವಿಮಾನದ ಹೊಟ್ಟೆಯೊಳಗೆ, ರಿಮೋಟಿನ ಮಾತು ಕೇಳುವ ರಿಸೀವರಿನ ಪಕ್ಕದಲ್ಲೇ ಇಟ್ಟೆ. ಒಂದರ ಗದ್ದಲಕ್ಕೆ ಇನ್ನೊಂದಕ್ಕೆ ಕಿವಿ ಕೇಳಿಸದಂತಾಗಿ ಬಾಲ ತಾನಾಗಿಯೇ ಅಲುಗಾಡತೊಡಗಿತು. ಅದನ್ನು ರೆಕ್ಕೆಯ ತುದಿಗೆ ಸಾಗಿಸಿದೆ. ಇಂಜಿನ್ನಿನ ನಡುಕಕ್ಕೆ ಚಿತ್ರ ಕದಡಿದಾಗ ಕ್ಯಾಮೆರಾದ ಕೆಳಗೆ ಸ್ಪಂಜು ಇಟ್ಟೆ. ಅಡ್ಡಗೆರೆಗಳು ಓಡಾಡಿದಾಗ ಕ್ಯಾಮೆರಾಕ್ಕೆ ಬೇರೆಯೇ ಬ್ಯಾಟರಿ ಕೊಟ್ಟೆ. ಆಂಟೆನಾ ಮಲಗಿಸಿದರೆ ವಿಮಾನ ತಿರುಗಿದಾಗಲೆಲ್ಲ ಚಿತ್ರ ಹೋಗುತ್ತಿತ್ತು. ರೆಕ್ಕೆಯಡಿ ನೇರ ಕೆಳಮುಖವಾಗಿ ಇಳಿಬಿಟ್ಟ ಮೇಲೆ ನಿಂತಿತು. ನ್ಯೂ ಟೌನಿನ ಮೈದಾನದಲ್ಲಿ ಹಾರಿಸಿ ನೋಡಿದಾಗ ನೀರಿನ ಟ್ಯಾಂಕಿನ ತನಕ ಕ್ವಾರ್ಟರ್ಸಿನ ಹೆಂಚುಗಳು ಚೆನ್ನಾಗಿಯೇ ಕಂಡವು. ಟ್ಯಾಂಕ್ ದಾಟಿದರೆ ಬರೀ ಚುಕ್ಕೆ. ಹೊಳೆ ಅಲ್ಲಿಂದ ಇನ್ನೂ ಬಹಳ ದೂರ. ಇದನ್ನು ನೆನಪಿಟ್ಟುಕೊಳ್ಳಿ.

ಬಿಸಿಲಿನಲ್ಲಿ ಟಿ.ವಿ. ಪರದೆ ಕಾಣುವುದಿಲ್ಲವಾದ್ದರಿಂದ ಒಂದು ಉಪಾಯ ಮಾಡಿದ್ದೆ. ಭಾವನ ಓಮ್ನಿ ವ್ಯಾನಿನ ಹಿಂಬಾಗಿಲು ತೆರೆದು ಸಣ್ಣ ಟಿ.ವಿ.ಯನ್ನೂ ವಿಸಿಆರನ್ನೂ ಇಟ್ಟು, ಅದರ ಮೇಲೂ ನನ್ನ ತಲೆಯ ಮೇಲೂ ಕರಿ ಕಂಬಳಿ ಹೊದ್ದುಕೊಂಡು ಕೂರುತ್ತಿದ್ದೆ. ಸೆಲ್ವ ಹೊರಗೆ ನಿಂತು ವಿಮಾನ ಎಲ್ಲಿದೆ ಎಂದು ಕೂಗಿ ಹೇಳುತ್ತಿದ್ದ. ಕಂಬಳಿಯೊಳಗೆ ಒಂದೇ ತಲೆಗೆ ಜಾಗ. ಕಂಡದ್ದು ನನಗೊಬ್ಬನಿಗೇ.

ಆಯುಧಪೂಜೆ ಬಂತು. ಭದ್ರಾವತಿಯಲ್ಲಿ ಆ ದಿನದ ಸಡಗರವೇ ಬೇರೆ. ಕಬ್ಬಿಣ ಮುಟ್ಟಿ ಬದುಕುವ ಊರು. ಮನೆಯ ಮಹಡಿಯ ಮೇಲಿದ್ದ ಭಾವನ ಕೇಬಲ್ ಕಂಟ್ರೋಲ್ ರೂಮಿನಲ್ಲಿ ಏಣಿ, ಕಟಿಂಗ್ ಪ್ಲೈಯರ್, ಡಿಶ್ ರಿಸೀವರ್ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮೂಲೆಯಲ್ಲಿ ಗೋಣಿಯಡಿ ಇದ್ದ ಲಾಂಗುಗಳಿಗೂ ಅದೇ ಮರ್ಯಾದೆ ಸಿಕ್ಕಿತ್ತು, ನಾನು ಆ ಕಡೆ ನೋಡಲಿಲ್ಲ. ನನ್ನ ವಿಮಾನವನ್ನು ಅಕ್ಕ ಮಣೆಯ ಮೇಲಿಡಿಸಿದಳು. ಒಂದೊಂದು ಭಾಗಕ್ಕೂ ಬೇರೆ ಬೇರೆ ಕುಂಕುಮ ಆಗಬೇಕೆಂದು ಅವಳ ಹಟ. ಅದಕ್ಕಾಗಿ ನಾನು ಆಂಟೆನಾವನ್ನು ಬಿಚ್ಚಿ, ಕ್ಯಾಮೆರಾದ ಬ್ಯಾಟರಿ ಬಿಚ್ಚಿ, ಸಾಲಾಗಿ ಮಣೆಯ ಮೇಲಿಟ್ಟೆ. ಪೂಜೆಯಾಯಿತು. ಬೂದುಗುಂಬಳ ಒಡೆದರು. ಊಟವೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಭಾವನ ಮೊಬೈಲಿಗೆ ಫೋನ್ ಬಂತು. ಹೊಳೆ ಕಡೆಯ ಲೈನು ಮತ್ತೆ ಕತ್ತರಿಸಿದ್ದಾರೆ. ಹಬ್ಬದ ದಿನ ಮನೆಮನೆಯಿಂದ ಬೈಗುಳ. ಭಾವನ ಮುಖ ನೋಡನೋಡುತ್ತ ಕೆಂಪಾಯಿತು. "ಎತ್ತೋ ನಿನ್ನ ವಿಮಾನ" ಎಂದರು. ಅಕ್ಕ ಅಡ್ಡ ಬಂದಳು. "ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆ ತನಕ ಮುಟ್ಟಬಾರದು ಕಣ್ರೀ" ಎಂದಳು. ನಾನು ನಗುತ್ತ, "ಅಕ್ಕ, ಮಿಕ್ಸೀನೂ ಪೂಜೆಗಿಟ್ಟಿದ್ದೆಯಲ್ಲ, ಮತ್ತೆ ಊಟಕ್ಕೆ ಚಟ್ನಿ ಎಲ್ಲಿಂದ ಬಂತು?" ಎಂದೆ. ಅವಳು ಒಳಗೆ ಹೋದಳು. ವಿಮಾನ ಹಾರಿಸಿ ಹೊತ್ತು ಕಳೆದರೆ ಅಷ್ಟರಲ್ಲಿ ಭಾವನ ಸಿಟ್ಟು ಇಳಿದೀತು ಎಂಬುದೇ ನನ್ನ ಲೆಕ್ಕವಾಗಿತ್ತು. ಹೂವು ಕೊಡವಿ, ಕುಂಕುಮ ಒರೆಸಿ, ಎಲ್ಲವನ್ನೂ ವ್ಯಾನಿಗೆ ತುಂಬಿದೆವು.

ಮೈದಾನದಲ್ಲಿ ನಾನು ಬ್ಯಾಟರಿ ಜೋಡಿಸಿದೆ. ಸೆಲ್ವ ರೆಕ್ಕೆ ಕಟ್ಟಿದ. ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ವಿಮಾನ ಮೇಲೇರಿದ ಮೇಲೆ ನಾನು ಕಂಬಳಿಯೊಳಗೆ ತಲೆ ಹಾಕಿದೆ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು ಹೊರಗೆ ನಿಂತಿದ್ದರು.

ಚಿತ್ರ ಅಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಮೈದಾನ, ಓಮ್ನಿ, ಅದರ ಪಕ್ಕ ನಿಂತ ಸೆಲ್ವ, ಕ್ವಾರ್ಟರ್ಸಿನ ಸಾಲು, ನೀರಿನ ಟ್ಯಾಂಕು. ಟ್ಯಾಂಕು ದಾಟಿತು. ನಾನು ತಿರುಗಿಸಲು ರಿಮೋಟಿನ ಕಡ್ಡಿ ಎಳೆದೆ, ಚಿತ್ರ ತಿರುಗಲಿಲ್ಲ. ನೇರ ಹೋಗುತ್ತಲೇ ಇತ್ತು. ಗದ್ದೆ ಬಂತು, ಹೊಳೆ ಬಂತು. ಹೊಳೆಯ ದಡದಲ್ಲಿ ಒಂದು ಪಾಳು ಪಂಪ್‌ಹೌಸ್. ಅರ್ಧ ಛಾವಣಿಯ ತಗಡು ಹಾರಿಹೋಗಿತ್ತು, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೆಳೆದಿತ್ತು, ಮುಂದೆ ಮುರಿದ ಸಿಮೆಂಟ್ ಕಟ್ಟೆ. ನಾನು ಆ ಜಾಗವನ್ನು ಹಿಂದೆ ಎಂದೂ ನೋಡಿರಲಿಲ್ಲ.

ಕಟ್ಟೆಯ ಹತ್ತಿರ ನಾಲ್ಕು ಜನ ನಿಂತಿದ್ದರು. ಒಬ್ಬ ನೆಲದ ಮೇಲಿದ್ದ. ನಿಂತವರ ಕೈಯಲ್ಲಿ ರಾಡು, ಲಾಂಗು. ಹೊಡೆಯುತ್ತಿದ್ದರು. ಭತ್ತ ಬಡಿಯುವವರು ಬಡಿಯುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಹೊಡೆಯುತ್ತಿದ್ದರು. ಬಿದ್ದವನು ಕೈ ಅಡ್ಡ ಹಿಡಿದ, ಕೈ ಮೊಣಕೈಯ ಕೆಳಗೆ ಮಡಚಬಾರದ ಕಡೆಗೆ ಮಡಚಿತು. ಅವನು ಮಗುಚಿಕೊಂಡು ತೆವಳಿದ, ಬೆನ್ನಿನ ಮೇಲೆ ಲಾಂಗು ಬಿತ್ತು, ಅಂಗಿ ಸೀಳಿ ಕೆಂಪಾಯಿತು. ಆಮೇಲೆ ತಲೆಗೆ. ಮಣ್ಣಿನ ಮೇಲೆ ಕೆಂಪು ಹರಡುತ್ತಿದ್ದುದು ನನಗೆ ಸ್ಪಷ್ಟವಾಗಿ ಕಂಡಿತು. ಸುತ್ತ ಏನೋ ಸಣ್ಣ ಸಣ್ಣ ಹಸಿರು ಚೆಲ್ಲಿತ್ತು. ಅದು ಏನೆಂದು ಆಗ ತಿಳಿಯಲಿಲ್ಲ. ಹೊಡೆಯುವವರು ಅಡ್ಡ ಬಂದರು, ಚಿತ್ರ ಓಲಾಡಿತು, ಯಾರು ಯಾರೆಂದು ಬೆರೆತುಹೋಯಿತು. ಮತ್ತೆ ನಿಂತಾಗ ಒಂದು ಮುಖ ನೇರ ಆಕಾಶದ ಕಡೆಗೆ, ಎಂದರೆ ನನ್ನ ಕಡೆಗೆ, ಎತ್ತಿ ನೋಡುತ್ತಿತ್ತು. ಹಣೆಯಲ್ಲಿ ವಿಭೂತಿ. ಗಲ್ಲದಿಂದ ಕೊರಳ ತನಕ ರಕ್ತ. ಅದು ಭಾವನ ಮುಖ.

ಅದೇ ಕ್ಷಣ ಹೆಗಲ ಮೇಲಿನ ಕೈ ನನ್ನನ್ನು ಅಲುಗಿಸಿತು. "ಏನು ಕಾಣ್ತಿದೆಯೋ? ಬಾಯಿ ಬಿಡೋ ಮಾರಾಯ" ಎಂದು ಭಾವ ಕೇಳುತ್ತಿದ್ದರು.

ನಾನು ಕಿರುಚಿಕೊಂಡು ಕಂಬಳಿ ಕಿತ್ತೆಸೆದೆ. ಭಾವ ಎದುರಿಗೇ ಇದ್ದರು. ಬಿಳಿ ಅಂಗಿ, ಬಾಯಲ್ಲಿ ಎಲೆಅಡಿಕೆ. ನಾನು ರಿಮೋಟನ್ನು ಕೈಬಿಟ್ಟಿದ್ದೆ. ವಿಮಾನ ನಮ್ಮಿಂದ ಕೂಗಳತೆಯಲ್ಲಿ ಮೂಗು ಕೆಳಗಾಗಿ ಬಂದು ನೆಲಕ್ಕೆ ಬಡಿಯಿತು. ಹೊಳೆಯಿಂದ ಅಷ್ಟು ಬೇಗ ಹೇಗೆ ಬಂತು ಎಂದು ನಾನು ತೊದಲಿದೆ. ಸೆಲ್ವ ನನ್ನನ್ನು ವಿಚಿತ್ರವಾಗಿ ನೋಡಿದ. "ಹೊಳೆಗೆಲ್ಲಿ ಹೋಯ್ತಣ್ಣ? ಟ್ಯಾಂಕ್ ಕೂಡ ದಾಟಿಲ್ಲ. ಇಲ್ಲೇ ತಲೆ ಮೇಲೆ ಸುತ್ತುತ್ತಾ ಇತ್ತು. ನಾನು ಕಣ್ಣು ತೆಗೀದೆ ನೋಡ್ತಿದ್ದೆ" ಎಂದ.

ಕಂಡದ್ದನ್ನೆಲ್ಲ ಹೇಳಿದೆ. ಬಿದ್ದವರು ನೀವೇ ಭಾವ ಎಂದೂ ಹೇಳಿದೆ. ಭಾವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀದಿ ತುಂಬ ಒಡೆದ ಕುಂಬಳಕಾಯಿ, ಕುಂಕುಮ. ಮೇಲಿಂದ ನೋಡಿದರೆ ಊರೆಲ್ಲ ಕೊಲೆಯಾದ ಹಾಗೇ ಕಾಣೋದು ಎಂದರು. ನಾನು ಬಿಡಲಿಲ್ಲ. ತಗಡು ಹಾರಿದ ಛಾವಣಿ, ಅರಳಿ ಗಿಡ, ಮುರಿದ ಕಟ್ಟೆ ಎಂದು ವಿವರಿಸಿದೆ. ಭಾವನೂ ಸೆಲ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಜನ ಹುಡುಗರು ಕುಡಿಯಲು ಕೂರುವ ಜಾಗ ಅದೇ ಎಂದು ನನಗೆ ಆಮೇಲೆ ತಿಳಿಯಿತು. ಭಾವ ಎಲೆಅಡಿಕೆ ಉಗಿದು, "ಮಂಜ ಇದ್ನಾ?" ಎಂದಷ್ಟೇ ಕೇಳಿದರು. ನಿಮ್ಮ ಮುಖ ಬಿಟ್ಟು ಯಾರದ್ದೂ ಕಾಣಲಿಲ್ಲ ಎಂದೆ. ಅವರು ಮತ್ತೆ ನಗಲಿಲ್ಲ.

ಮನೆಯಲ್ಲಿ ಅಕ್ಕನಿಗೂ ಹೇಳಿದೆ. ಅವಳು ಭಾವನ ಕೈ ಹಿಡಿದು ಅವರ ಕೊರಳ ಇಷ್ಟಲಿಂಗದ ಮೇಲಿಟ್ಟಳು. "ಹೊಳೆ ಕಡೆ ಕಾಲಿಡಲ್ಲ ಅನ್ನಿ." ಭಾವ, "ಇವತ್ತು ಹೋಗಲ್ಲ ಮಾರಾಯ್ತಿ, ಬಿಡು" ಎಂದರು. ಅವರು ಸುಳ್ಳು ಹೇಳಲಿಲ್ಲ. ಇವತ್ತು ಎಂದರೆ ಇವತ್ತು ಮಾತ್ರ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಆ ರಾತ್ರಿ ನಾನು ಅಲ್ಲೇ ಉಳಿದೆ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ನನ್ನ ತಲೆದಿಂಬಿನಡಿ ಇಟ್ಟುಕೊಂಡೆ.

ಬೆಳಿಗ್ಗೆ ಅಕ್ಕ ಪೂಜೆಯ ಮಣೆ ತೆಗೆಯುತ್ತಿದ್ದವಳು ನನ್ನನ್ನು ಕರೆದಳು. ಬಾಡಿದ ಚೆಂಡುಹೂವಿನ ರಾಶಿಯಿಂದ ಬೆರಳುದ್ದದ ಕರಿ ಕಡ್ಡಿಯೊಂದನ್ನು ಎತ್ತಿ, "ಇದು ನಿಂದಲ್ವೇನೋ?" ಎಂದು ಕೇಳಿದಳು. ಆಂಟೆನಾ. ಸೆಲ್ವ ಹಾಕಿದ್ದಾನೆಂದು ನಾನು, ನಾನು ಹಾಕಿದ್ದೇನೆಂದು ಸೆಲ್ವ. ಅದು ಮಣೆಯ ಮೇಲೆಯೇ ಕುಂಕುಮ ಮೆತ್ತಿಕೊಂಡು ಕೂತಿತ್ತು. ಓಡಿಹೋಗಿ ಮುರಿದ ವಿಮಾನದಿಂದ ಟ್ರಾನ್ಸ್‌ಮಿಟರ್ ಕಿತ್ತು ನೋಡಿದೆ. ಒಳಗೆಲ್ಲ ಕರಟಿ ಕಪ್ಪಾಗಿತ್ತು. ವಿಸಿಆರಿನ ಕ್ಯಾಸೆಟ್ ಹಾಕಿದೆ. ಟಿ.ವಿ.ಗೆ ಬಂದದ್ದು ಏನಿದ್ದರೂ ವಿಸಿಆರ್ ಮೂಲಕವೇ ಬರಬೇಕು, ಹಾಗೆ ಜೋಡಿಸಿದ್ದು ನಾನೇ. ಕ್ಯಾಸೆಟ್ಟಿನಲ್ಲಿ ಮೊದಲಿಂದ ಕೊನೆಯ ತನಕ ಬರೀ ಚುಕ್ಕೆ.

ನಿಜ ಹೇಳಬೇಕೆಂದರೆ, ನನಗೆ ಆಗ ಭಯಕ್ಕಿಂತ ಸಮಾಧಾನವೇ ಆಯಿತು. ಸಿಗ್ನಲ್ ಇರಲಿಲ್ಲ ಎಂದ ಮೇಲೆ ಚಿತ್ರವೂ ಇರಲಿಲ್ಲ, ಎಲ್ಲ ನನ್ನ ತಲೆಯೊಳಗಿನ ಗಲಿಬಿಲಿ ಎಂದುಕೊಂಡೆ. ಭಾವ ಶಾಂತವಾಗಿದ್ದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿಂಡಿ ತಿಂದರು. ಕ್ಯಾಸೆಟ್ಟಿನಲ್ಲಿ ಏನೂ ಇಲ್ಲ, ನನಗೆ ಭ್ರಮೆಯಾಗಿತ್ತು ಎಂದು ಹೇಳಿದಾಗ, "ಆಯ್ತು ಬಿಡೋ" ಎಂದು ಬೆನ್ನಿಗೆ ಗುದ್ದಿದರು. ಮಧ್ಯಾಹ್ನದ ಬಸ್ಸಿಗೆ ಮುರಿದ ವಿಮಾನವನ್ನು ಗೋಣಿಯಲ್ಲಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಬಂದೆ.

ಅದು ವಿಜಯದಶಮಿ. ಬನ್ನಿ ಎಲೆ ಕೈಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದ ಹಾಗಿರೋಣ" ಎಂದುಬಿಟ್ಟರೆ ಆ ಸಂಜೆ ಹಳೆಯ ಜಗಳಗಳು ಮುಗಿದವು ಎಂದು ಲೆಕ್ಕ. ಮಾತು ಬಿಟ್ಟ ಅಣ್ಣತಮ್ಮಂದಿರೂ ಅಂದು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ. ಭಾವ ಮಂಜನಿಗೆ ಹೇಳಿಕಳಿಸಿದ್ದರು: ಆಗಿದ್ದು ಆಗಿಹೋಯ್ತು, ಹೊಳೆ ಹತ್ತಿರದ ಪಂಪ್‌ಹೌಸಿಗೆ ಬಾ, ಬನ್ನಿ ಕೊಟ್ಟು ಮುಗಿಸಿಬಿಡೋಣ. ಮನೆಯಲ್ಲಿ ಹಿರಿಯರಿಗೆ ಬನ್ನಿ ಕೊಟ್ಟು ಬರುತ್ತೇನೆಂದು ಹೇಳಿ ಹೊರಟಿದ್ದರು. ಜೊತೆಗೆ ಸೆಲ್ವ, ಇನ್ನಿಬ್ಬರು. ಮಂಜ ಬಂದ. ಒಬ್ಬನೇ ಬಂದ. ಬನ್ನಿಯ ಮೇಲೆ ಅವನಿಗೆ ಅಷ್ಟು ನಂಬಿಕೆ ಇತ್ತು. ಅಂಗಿಯ ಜೇಬಿನ ತುಂಬ ಬನ್ನಿ ಎಲೆ ತುಂಬಿಕೊಂಡು ಬಂದಿದ್ದ. ಹೊಡೆತಕ್ಕೆ ಅವೆಲ್ಲ ಸುತ್ತ ಚೆಲ್ಲಿದ್ದವು ಎಂದು ಮಹಜರಿಗೆ ಹೋಗಿದ್ದವರು ಹೇಳಿದರು. ಅವನ ಬಲಗೈ ಮೊಣಕೈಯ ಕೆಳಗೆ ಮುರಿದಿತ್ತು. ಬೆನ್ನಿನಲ್ಲಿ ಉದ್ದಕ್ಕೆ ಸೀಳು. ತಲೆಯ ವಿಷಯ ನಾನು ಬರೆಯುವುದಿಲ್ಲ.

ಅಕ್ಕನ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಅಂಟು ಹಾಕಿ ವಿಮಾನದ ರೆಕ್ಕೆ ಜೋಡಿಸುತ್ತಿದ್ದೆ. "ಇವ್ರೇ ಹೊಡೆದ್ರಂತೆ ಕಣೋ, ಇವ್ರೇ" ಎಂದಳು. ಫೋನ್ ಹಿಡಿದೇ ನಾನು ಲೆಕ್ಕ ಹಾಕಿದೆ. ನಾಲ್ಕು ಜನ ನಿಂತಿದ್ದರು, ಒಬ್ಬ ಬಿದ್ದಿದ್ದ. ಕಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಎತ್ತಿದ ಮುಖ ಬಿದ್ದವನದು, ಮುಖದ ಮೇಲಿನ ರಕ್ತ ಅವನದೇ ಎಂದುಕೊಂಡದ್ದು ನಾನು.

ಈ ವರ್ಷಗಳಲ್ಲಿ ಎಷ್ಟೋ ಸಮಾಧಾನಗಳನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೇ ಚಾನೆಲ್ಲಿನಲ್ಲಿ ಬೇರೆ ಯಾರದೋ ಕ್ಯಾಮೆರಾದ ಚಿತ್ರ ಸಿಕ್ಕಿರಬಹುದು. ಆದರೆ ಭದ್ರಾವತಿಯ ಆಕಾಶದಲ್ಲಿ ಆಗ ಇನ್ಯಾರ ಕ್ಯಾಮೆರಾ ಇತ್ತು? ತಿಂಗಳುಗಟ್ಟಲೆ ಲಾಂಗು, ರಕ್ತ ಎಂದೇ ಕೇಳಿ ಕೇಳಿ, ಕಂಬಳಿಯೊಳಗಿನ ಕತ್ತಲೆಯಲ್ಲಿ ಚುಕ್ಕೆಗಳನ್ನೇ ನನ್ನ ಭಯ ಚಿತ್ರವಾಗಿ ಜೋಡಿಸಿಕೊಂಡಿರಬಹುದು. ಆದರೆ ನೋಡದ ಜಾಗದ ಅರಳಿ ಗಿಡವನ್ನೂ ಅದು ಜೋಡಿಸಿತೇ? ಹಸಿರು ಎಲೆಗಳನ್ನು ನಾನು ಆಗಲೇ ಕಂಡೆನೋ, ಸುದ್ದಿ ಕೇಳಿದ ಮೇಲೆ ನೆನಪಿಗೆ ಸೇರಿಸಿಕೊಂಡೆನೋ ಎಂಬುದನ್ನು ಈಗ ಆಣೆ ಮಾಡಿ ಹೇಳಲಾರೆ. ಉಳಿದದ್ದನ್ನು ಹೇಳಬಲ್ಲೆ. ಇನ್ನೊಂದು ಪ್ರಶ್ನೆ ಇದೆ, ಅದು ಅಕ್ಕನದು. ನೀನು ಕಾಣದೆ ಇದ್ದಿದ್ದರೆ, ಕಂಡರೂ ಹೇಳದೆ ಇದ್ದಿದ್ದರೆ, ಇವರು ಹೋಗುತ್ತಿದ್ದರೇ? ಅವಳು ಅದನ್ನು ಒಂದೇ ಸಲ ಕೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಗಂಡ ಕೊಂದದ್ದಕ್ಕೆ ನಾನು ಹೊಣೆಯೇ ಎಂದು ಕೂಗಾಡಿ ಬಂದೆ. ಉತ್ತರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಭಾವನಿಗೆ ಜೀವಾವಧಿಯಾಯಿತು. ಒಂದು ಲೆಕ್ಕದಲ್ಲಿ ಅಕ್ಕ ಬೇಡಿಕೊಂಡದ್ದು ನಡೆದಿತ್ತು, ಅವರು ಉಳಿದಿದ್ದರು. ಮೊದಲ ಸಲ ಜೈಲಿಗೆ ನೋಡಲು ಹೋದಾಗ ಜಾಲರಿಯ ಆಚೆ ಕೂತವರು ಅರ್ಧ ಕರಗಿದ್ದರು. ಮನೆ, ಮಗಳ ಶಾಲೆ ಎಲ್ಲ ವಿಚಾರಿಸಿದರು. ಯಾಕೆ ಹಾಗೆ ಮಾಡಿದಿರಿ ಭಾವ ಎಂದೆ. "ನೀನೇ ಹೇಳಿದ್ಯಲ್ಲೋ, ಅವ್ನು ಅಲ್ಲಿ ನನ್ನ ಕೊಲ್ತಾನೆ ಅಂತ" ಎಂದರು, ಸಿಟ್ಟಿಲ್ಲದೆ. ಆಮೇಲೆ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು.

"ಒಂದು ಕೇಳ್ತೀನಿ, ನಿಜ ಹೇಳು. ಅವತ್ತು ಸಂಜೆ ನೀನು ವಿಮಾನ ಹಾರಿಸ್ತಿದ್ದೆಯಾ?"

"ಇಲ್ಲ ಭಾವ. ಅದು ಮುರಿದು ಅಂಗಡೀಲಿ ಬಿದ್ದಿತ್ತು. ಯಾಕೆ?"

"ಅದರ ಸದ್ದು ಕೇಳ್ತು ಮಾರಾಯ, ತಲೆ ಮೇಲೇನೇ. ಮಂಜ ಬಿದ್ದಿದ್ದ, ಆದ್ರೂ ನನ್ನ ಕೈ ನಿಲ್ತಾ ಇರ್ಲಿಲ್ಲ. ಆ ಸದ್ದು ಕೇಳಿ ತಲೆ ಎತ್ತಿ ನೋಡ್ದೆ. ನೀನು ನೋಡ್ತಿದ್ದೀಯ ಅಂತ ಅನ್ನಿಸ್ತು. ಆಮೇಲೇ ಕೈ ನಿಂತಿದ್ದು."

ಹೋದಾಗಲೆಲ್ಲ ಅವರು ಅದನ್ನೇ ಕೇಳುತ್ತಾರೆ. ನಾನು ಇಲ್ಲ ಎನ್ನುತ್ತೇನೆ. ಅವರು ನಂಬುವುದಿಲ್ಲ. ಅವರನ್ನು ನಂಬಿಸಲು ನನಗೆ ಬಾಯಿ ಬರುವುದಿಲ್ಲ. ಆ ಮುಖವನ್ನು ನಾನು ನೋಡಿದ್ದೇನೆ, ಅದೂ ನನ್ನನ್ನು ನೋಡಿದೆ.